ವೀಸಾಕ್ಕೆ ಮೊದಲು ಒಂದು ಹೆಸರು

2025ರ ಆಗಸ್ಟ್ ತಿಂಗಳ ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಕುಳಿತಿದ್ದೆ. ಬಾಗಿಲಲ್ಲಿ ಯಾರೋ ಸಲಾಂ ಹೇಳಿದರು. ನೋಡಿದರೆ ಬುರ್ಖಾ ತೊಟ್ಟ ಒಬ್ಬ ಯುವತಿ. ಕಂಕುಳಲ್ಲಿ ಒಂದೂವರೆ ವರ್ಷದ ಮಗು, ಕೈಯಲ್ಲಿ ಕಾಗದಪತ್ರ ತುಂಬಿದ ಪ್ಲಾಸ್ಟಿಕ್ ಚೀಲ.

“ಆಪಾ, ಗುರುತು ಸಿಗಲಿಲ್ಲವೇ? ಲಿಂಗಸುಗೂರಿನಲ್ಲಿ ನಿಮ್ಮ ಕೈಯಲ್ಲೇ ಒಂದನೇ ತರಗತಿ ಕಲಿತವಳು ನಾನು.”

ನಕ್ಕಾಗ ಗುರುತು ಸಿಕ್ಕಿತು. ಮಳೆ ಬಂದರೆ ಕಿಟಕಿಯಿಂದ ಕೈ ಹೊರಗೆ ಚಾಚುತ್ತಿದ್ದ ಹುಡುಗಿ. ತವರು ಈಗ ಸಿಂಧನೂರು, ಗಂಡನ ಮನೆ ಮಸ್ಕಿ. ಗಂಡ ರಿಯಾದ್‌ನಲ್ಲಿ ಎ.ಸಿ. ರಿಪೇರಿ ಕೆಲಸದಲ್ಲಿದ್ದಾನೆ. ಮಗು ಹುಟ್ಟುವ ಮೊದಲೇ ಹೋದವನು ಮಗನನ್ನು ಮೊಬೈಲಿನಲ್ಲಿ ಮಾತ್ರ ನೋಡಿದ್ದಾನೆ. ಹೆಂಡತಿ ಮಗುವನ್ನು ಕೆಲವು ತಿಂಗಳ ಮಟ್ಟಿಗೆ ಕರೆಸಿಕೊಳ್ಳಲು ಫ್ಯಾಮಿಲಿ ವಿಸಿಟ್ ವೀಸಾಕ್ಕೆ ಓಡಾಡುತ್ತಿದ್ದ. ಆದರೆ ಟ್ರಾವೆಲ್ ಏಜೆಂಟ್ ಕಾಗದಗಳನ್ನೆಲ್ಲ ನೋಡಿ ಹಿಂದಿರುಗಿಸಿದ್ದ. “ಅಮ್ಮಾ, ಇದರಾಗ ಒಂದು ಹೆಸರು, ಅದರಾಗ ಒಂದು ಹೆಸರು. ಇವರು ಮೂರು ಮಂದಿ ಯಾರ್ರೀ?” ಎಂದು ಕೇಳಿದ್ದನಂತೆ. ಜೊತೆಗೆ, ದುಡ್ಡು ಕೊಟ್ಟರೆ ಹೊಸ ಮಾರ್ಕ್ಸ್ ಕಾರ್ಡನ್ನೇ ‘ಮಾಡಿಸಿ’ ಕೊಡುವುದಾಗಿಯೂ ಹೇಳಿದ್ದ. ಹುಡುಗಿ ಹೆದರಿ ನನ್ನಲ್ಲಿಗೆ ಬಂದಿದ್ದಳು.

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರಿನ ಕೊನೆಯ ತುಂಡನ್ನಷ್ಟೇ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬೇಗಂ’. ಆಧಾರ್ ಕಾರ್ಡಿನಲ್ಲಿ ‘ಬೀ’. ನಿಕಾಹ್‌ನಾಮಾದಲ್ಲಿ ‘ಬಾನು’. ನಿಕಾಹ್‌ನಾಮಾ ನೋಡಿ ಬರೆಸಿದ್ದರಿಂದ ಗಂಡನ ಪಾಸ್‌ಪೋರ್ಟಿನಲ್ಲೂ ‘ಬಾನು’. ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿ ‘ಬೀ’.

“ನಿನ್ನ ನಿಜವಾದ ಹೆಸರು ಯಾವುದಮ್ಮಾ?”

“ಏಳನೇ ದಿನ ಅಮ್ಮಿ ಇಟ್ಟದ್ದು ಬಾನು. ಬೇಗಂ ಅಂತ ಶಾಲೆಯಲ್ಲಿ ಯಾರು ಬರೆದರೋ ಗೊತ್ತಿಲ್ಲ.”

ನನ್ನ ಎದೆ ಧಸಕ್ಕೆಂದಿತು.

ಲಿಂಗಸುಗೂರಿನ ರಿಜಿಸ್ಟರ್

ಮರುದಿನ ಬೆಳಗ್ಗೆ ಇಬ್ಬರೂ ಆ ಹಳೆಯ ಶಾಲೆಗೆ ಹೋದೆವು. ಲಿಂಗಸುಗೂರು ಒಂದು ಕಾಲದಲ್ಲಿ ನಿಜಾಮರ ರಾಜ್ಯದ ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಆ ಪಟ್ಟ ಹೋಯಿತು. ಈಗ ಅದು ರಾಯಚೂರು ಜಿಲ್ಲೆಯ ತಾಲೂಕು. ಹಟ್ಟಿಯ ಚಿನ್ನದ ಗಣಿಯೂ ಮುದಗಲ್ಲಿನ ಕೋಟೆಯೂ ಇದೇ ತಾಲೂಕಿನವು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಊರಿನ ಹೆಸರಿಗೇ ಈ ಗತಿಯಾದರೆ ಹುಡುಗಿಯ ಹೆಸರಿನ ಪಾಡೇನು?

2008ರ ದಾಖಲಾತಿ ರಿಜಿಸ್ಟರ್ ತೆಗೆದರು. ಪುಟದಲ್ಲಿದ್ದದ್ದು ನನ್ನದೇ ಅಕ್ಷರ. ಮದ್ರಸದ ಓದು ಮುಗಿಸಿ, ಬಿ.ಎ. ಮಾಡಿ, ಹೊಸದಾಗಿ ಶಿಕ್ಷಕಿಯಾಗಿದ್ದೆ. ಅಂದಿನ ದೃಶ್ಯ ಕಣ್ಣಿಗೆ ಕಟ್ಟಿತು. ತಂದೆ ಮೇಜಿನ ಮುಂದೆ ನಿಂತಿದ್ದರು, ತಾಯಿ ಬಾಗಿಲ ಹೊರಗೆ. ಹೆಸರು ಕೇಳಿದ್ದಕ್ಕೆ ತಂದೆ ಮೊದಲ ಅರ್ಧ ಹೇಳಿ, “ಮುಂದೆ ನೀವೇ ಚೆಂದ ಮಾಡಿ ಬರೀರಿ” ಎಂದರು. ನಾನು ‘ಚೆಂದ’ ಮಾಡಿದೆ. ಬಾಗಿಲ ಹೊರಗೆ ನಿಂತಿದ್ದ ತಾಯಿಯನ್ನು ಕೇಳಲೇ ಇಲ್ಲ. ಹುಟ್ಟಿದ ದಿನ ಮಾತ್ರ ಸರಿಯಾಗಿತ್ತು. ಆಸ್ಪತ್ರೆಯ ಚೀಟಿ ಇಲ್ಲದಿದ್ದರೆ ಅದಕ್ಕೂ ಜೂನ್ 1 ಎಂದು ಬರೆದು ಮುಗಿಸುತ್ತಿದ್ದೆವು. ಹಾಗೆ ಜೂನ್ 1ಕ್ಕೆ ಹುಟ್ಟಿದ ಮಕ್ಕಳು ಆ ಪುಟದಲ್ಲಿ ಸಾಲುಸಾಲಾಗಿ ಇದ್ದರು.

ಕುರ್‌ಆನಿನ ಅತಿ ದೀರ್ಘ ವಚನ ಯಾವುದೆಂದು ಮದ್ರಸದ ಮಕ್ಕಳಿಗೆ ಕೇಳಿದರೆ ಅಲ್‌ಬಕರಃ ಅಧ್ಯಾಯದ 282ನೆಯದು ಎನ್ನುತ್ತಾರೆ. ಅದು ನಮಾಝಿನ ಕುರಿತೂ ಅಲ್ಲ, ಉಪವಾಸದ ಕುರಿತೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತು. ಬರೆಯುವವನು ನ್ಯಾಯದಿಂದ ಬರೆಯಬೇಕು ಎಂಬುದರ ಕುರಿತು. ಎಷ್ಟೋ ಸಲ ಪಾಠ ಮಾಡಿದ ಈ ವಚನ ಅಂದು ನನ್ನನ್ನೇ ಪ್ರಶ್ನಿಸಿತು.

ಅಂಕಪಟ್ಟಿಯ ಹೆಸರನ್ನು ಇಷ್ಟು ವರ್ಷಗಳ ನಂತರ ತಿದ್ದಿಸಬೇಕಾದರೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ಅದಕ್ಕೆ ಹಣವೂ ಬೇಕು, ಸಮಯವೂ ಬೇಕು. ಒಂದು ಸಮಾಧಾನವೆಂದರೆ, ನಿಕಾಹ್ ಆದ ವಾರದಲ್ಲೇ ಅವಳ ಮಾವ ಇಬ್ಬರನ್ನೂ ಉಪನೋಂದಣಿ ಕಚೇರಿಗೆ ಕರೆದೊಯ್ದು ವಿವಾಹ ನೋಂದಣಿ ಮಾಡಿಸಿದ್ದರು. ಅಲ್ಲಿ ಅಂಕಪಟ್ಟಿ ನೋಡಿ ‘ಬೇಗಂ’ ಎಂದೇ ಬರೆದಿದ್ದರು. ಎರಡು ದೊಡ್ಡ ದಾಖಲೆಗಳು ಒಂದಾಗಿದ್ದರಿಂದ ಉಳಿದವನ್ನು ಅವಕ್ಕೆ ಹೊಂದಿಸುವುದೆಂದು ನಿರ್ಧರಿಸಿದೆವು. ಅಂದರೆ ನನ್ನ ತಪ್ಪನ್ನೇ ಸರಿ ಎಂದು ಒಪ್ಪಿಕೊಳ್ಳುವುದು!

ಮಸ್ಕಿಯ ಬಂಡೆ

ಮಸ್ಕಿಯ ಬಸ್ ಹತ್ತಿದೆವು. 2023ರ ಜೂನ್‌ನಿಂದ ಮಹಿಳೆಯರಿಗೆ ಉಚಿತ ಪ್ರಯಾಣ. ಕಂಡಕ್ಟರ್ ಆಧಾರ್ ಕಾರ್ಡಿನ ಫೋಟೋ ನೋಡಿ ಶೂನ್ಯ ಟಿಕೆಟ್ ಹರಿದುಕೊಟ್ಟ. ‘ಬೀ’ಯೋ ‘ಬೇಗಂ’ಮೋ ಅವನಿಗೆ ಬೇಕಿರಲಿಲ್ಲ. ಎಲ್ಲ ಕಚೇರಿಗಳೂ ಹೀಗೇ ಇದ್ದಿದ್ದರೆ!

ಮಸ್ಕಿ 2018ರಲ್ಲಿ ಹೊಸ ತಾಲೂಕಾಯಿತು. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲೂಕುಗಳ ಹಳ್ಳಿಗಳನ್ನು ಸೇರಿಸಿ ಮಾಡಿದ್ದು. ಇದರಿಂದ ಅದೇ ಮನೆಯ ವಿಳಾಸ ಹಳೆಯ ಕಾಗದದಲ್ಲಿ ಒಂದು ತಾಲೂಕು, ಹೊಸ ಕಾಗದದಲ್ಲಿ ಇನ್ನೊಂದು ತಾಲೂಕು. ವೀಸಾ ಅರ್ಜಿ ತುಂಬುವವರು ಇದನ್ನೂ ಗಮನಿಸಬೇಕು.

ನಿಕಾಹ್ ಓದಿಸಿದ ಖಾಝಿ ಸಾಹೇಬರು ವಯಸ್ಸಾದವರು. ದಫ್ತರ ತೆರೆದು ನೋಡಿ ಹೇಳಿದರು: “ಬೇಟಿ, ಇಲ್ಲಿ ಬರೆದದ್ದು ಹುಡುಗಿಯ ತಾಯಿ ಹೇಳಿದ ಹೆಸರು. ಬರೆದದ್ದನ್ನು ಅಳಿಸುವ ಹಕ್ಕು ನನಗಿಲ್ಲ. ಆದರೆ ಈ ಎರಡೂ ಹೆಸರಿನವಳು ಒಬ್ಬಳೇ ಎಂದು ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಿಕೊಡುತ್ತೇನೆ.”

ಅವರ ಮಾತು ಕೇಳಿ ನನಗೆ ಮಸ್ಕಿಯ ಬಂಡೆ ನೆನಪಾಯಿತು. ಕಾಗದ ಸಿದ್ಧವಾಗುವಷ್ಟರಲ್ಲಿ ಹೋಗಿ ನೋಡಿ ಬಂದೆವು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡುಹಿಡಿದ ಶಾಸನವಿದು. ಅದಕ್ಕೂ ಮೊದಲು ಸಿಕ್ಕಿದ್ದ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’ದಂಥ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರು. ಬಿರುದೂ ಹೆಸರೂ ಒಟ್ಟಿಗೇ ಇರುವ ಶಾಸನ ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಇಬ್ಬರಲ್ಲ, ಒಬ್ಬನೇ ಎಂದು ಈ ಬಂಡೆ ಸಾಕ್ಷಿ ಹೇಳಿತು.

ಹುಡುಗಿ ಬಂಡೆಯನ್ನು ನೋಡುತ್ತಾ, “ಆಪಾ, ಅಷ್ಟು ದೊಡ್ಡ ರಾಜನಿಗೂ ಇದೇ ತೊಂದರೆಯಾ?” ಎಂದಳು. ಆ ದಿನ ನಾವಿಬ್ಬರೂ ನಕ್ಕದ್ದು ಆಗ ಮಾತ್ರ.

ಮಗುವಿನ ಕೆಲಸ ಇನ್ನೂ ಮುಖ್ಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟ್ ಬೇಕಾದರೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. ಈ ಮಗು ಹುಟ್ಟಿದ್ದು 2024ರಲ್ಲಿ. ಅದರಲ್ಲಿ ತಾಯಿಯ ಹೆಸರು ಸರಿಯಾಗದೆ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ. ಅಂಕಪಟ್ಟಿ, ವಿವಾಹ ಪ್ರಮಾಣಪತ್ರ, ಖಾಝಿಯವರ ಕಾಗದ ಎಲ್ಲವನ್ನೂ ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಕೊಟ್ಟೆವು. 2008ರಲ್ಲಿ ನನ್ನ ಪೆನ್ನು ಮಾಡಿದ ತಪ್ಪು ಆಗ ಹುಟ್ಟಿರದ ಮಗುವಿನವರೆಗೂ ಹರಿದು ಬಂದಿತ್ತು.

ಸಿಂಧನೂರಿನ ಸರದಿ ಸಾಲು

ಮಸ್ಕಿ ದಾಟಿ ಸಿಂಧನೂರಿನತ್ತ ಹೋದಂತೆ ನೆಲದ ಬಣ್ಣವೇ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಅಕ್ಕಿ ಗಿರಣಿ. ನೀರಿನ ಹಿಂದೆಯೇ ಜನರೂ ಬಂದರು. ಆಂಧ್ರದ ರೈತರು ಕಟ್ಟಿಕೊಂಡ ಕ್ಯಾಂಪುಗಳಿವೆ. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರಕಾರ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪುಗಳಿವೆ. ಸಂತೆಯಲ್ಲಿ ಕನ್ನಡ, ಉರ್ದು, ತೆಲುಗು, ಬಂಗಾಳಿ ನಾಲ್ಕೂ ಕೇಳಿಸುತ್ತವೆ.

ಆಧಾರ್ ಕೇಂದ್ರದ ಸಾಲಿನಲ್ಲಿ ನಮ್ಮ ಮುಂದೆ ಆ ಕ್ಯಾಂಪಿನ ಒಬ್ಬ ಅಜ್ಜಿ ಇದ್ದರು. ಹಳೆಯ ಕಾಗದಗಳನ್ನು ಸೀರೆಯ ತುಂಡಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದರು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯಡಿ 2024ರಲ್ಲಿ ಆ ಕ್ಯಾಂಪುಗಳ ಕೆಲವರಿಗೆ ಪೌರತ್ವ ಪತ್ರ ಸಿಕ್ಕಿತು. ಅದೇ ಕಾಯ್ದೆಯ ಸುದ್ದಿ ಎದ್ದಾಗ ನಮ್ಮ ಮನೆಗಳ ಹೆಂಗಸರು ರಾತ್ರಿಯಿಡೀ ಟ್ರಂಕು ತೆಗೆದು ಕಾಗದ ಹುಡುಕಿದ್ದು ನನಗೆ ನೆನಪಿದೆ. ಆ ಕಾಯ್ದೆ ನಮ್ಮನ್ನೂ ಆ ಅಜ್ಜಿಯನ್ನೂ ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿತು. ಆದರೆ ಕಾಗದವನ್ನು ಎದೆಗೆ ಒತ್ತಿಕೊಳ್ಳುವ ಭಯ ಇಬ್ಬರದೂ ಒಂದೇ.

ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡೇ ಸಲ ಬದಲಾಯಿಸಬಹುದು. ಆದ್ದರಿಂದ ಪರದೆಯ ಮೇಲೆ ಒಂದೊಂದೇ ಅಕ್ಷರವನ್ನು ಮೂರು ಸಲ ಓದಿಸಿದೆ.

ಸಂಜೆ ಅವಳ ತವರಿಗೆ ಹೋದೆವು. ಅಂದು ಬಾಗಿಲ ಹೊರಗೆ ನಿಂತಿದ್ದ ಆ ತಾಯಿ ಚಹಾ ತಂದಿಟ್ಟರು. ತಪ್ಪು ನನ್ನದೆಂದು ಹೇಳಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೆಯಲ್ಲಿ ನಾನು ಬಾನು ಅಂತಲೇ ಕರೀತೀನಿ ಆಪಾ. ಕಾಗದದಲ್ಲಿ ಏನಾದರೂ ಇರಲಿ, ಮಗಳು ಗಂಡನ ಹತ್ತಿರ ಸೇರಲಿ” ಎಂದರು.

ಸಹೋದರಿಯರೇ, ಇದನ್ನು ಗಮನಿಸಿ

ವೀಸಾ ಎಂದರೆ ದೂರದ ದೇಶದ ಮುದ್ರೆ ಎಂದು ತಿಳಿಯುತ್ತೇವೆ. ಅದು ಶುರುವಾಗುವುದು ನಮ್ಮ ಮನೆಯಲ್ಲೇ. ಮಗುವಿನ ಹೆಸರನ್ನು ಅಕೀಕಾದ ದಿನವೇ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಬರೆದಿಡಿ. ಎಲ್ಲ ಕಡೆ ಅದನ್ನೇ ಕೊಡಿ. ಮದುವೆಯಾದ ಮಾತ್ರಕ್ಕೆ ಹೆಣ್ಣು ತನ್ನ ಹೆಸರು ಬದಲಾಯಿಸಬೇಕೆಂದು ಇಸ್ಲಾಮ್ ಹೇಳಿಲ್ಲ. ಒಂದೇ ಪದದ ಹೆಸರೂ ತೊಡಕಾಗಬಹುದು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ವೀಸಾ ಕೊಡುವುದಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ತಂದೆಯ ಅಥವಾ ಕುಟುಂಬದ ಹೆಸರು ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿತು.

ನಿಕಾಹ್‌ನಾಮಾ ಇದೆಯೆಂದು ಸುಮ್ಮನಿರಬೇಡಿ. ವಕ್ಫ್ ಮಂಡಳಿಯ ಮೂಲಕ ವಿವಾಹ ಪ್ರಮಾಣಪತ್ರ ಕೊಡಲು ರಾಜ್ಯ ಸರಕಾರ 2023ರ ಆಗಸ್ಟಿನಲ್ಲಿ ಆದೇಶ ಹೊರಡಿಸಿತ್ತು. 2024ರ ನವೆಂಬರಿನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ವರನ ರಜೆ ಮುಗಿಯುವ ಮೊದಲೇ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದೇ ಕ್ಷೇಮ.

ಮಗಳನ್ನು ಹತ್ತನೇ ತರಗತಿಯವರೆಗಾದರೂ ಓದಿಸಿ. ಹತ್ತು ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ ಸೇರುತ್ತದೆ. ಅಂಥವರು ಸೌದಿ, ಕುವೈತ್, ಕತಾರ್ ಮುಂತಾದ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕು. ಅಂಥ ಪಾಸ್‌ಪೋರ್ಟಿನ ಮಹಿಳೆಗೆ 30 ವರ್ಷ ತುಂಬದೆ ಆ ಅನುಮತಿಯೇ ಇಲ್ಲ. ಇನ್ನು, ಸಂದರ್ಶನದ ವೀಸಾದಲ್ಲಿ ಕಳಿಸಿ ಅಲ್ಲಿ ಕೆಲಸ ಕೊಡಿಸುತ್ತೇನೆ ಎನ್ನುವ ಏಜೆಂಟನ ಮಾತಿಗೆ ಮನೆಯ ಬಂಗಾರ ಅಡವಿಡಬೇಡಿ.

ಪಾಸ್‌ಪೋರ್ಟ್‌ಗಾಗಿ ಅವಳು ಬೆಂಗಳೂರಿಗೆ ಹೋಗಬೇಕಾಗಲಿಲ್ಲ. ರಾಯಚೂರಿನ ಅಂಚೆ ಕಚೇರಿಯಲ್ಲೇ ಕೆಲಸ ಆಯಿತು. ರಿಯಾದ್‌ನಲ್ಲಿ ಗಂಡನೂ ತನ್ನ ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಹೆಸರು ಸರಿಪಡಿಸಿಕೊಂಡ. ಮಗುವಿನ ಕಾಗದಕ್ಕೆ ಇನ್ನೆರಡು ತಿಂಗಳು ಹಿಡಿಯಿತು. ವೀಸಾ ಬಂದು, ಹೈದರಾಬಾದಿನ ವಿಮಾನ ನಿಲ್ದಾಣದಿಂದ ಅವಳು ಫೋನ್ ಮಾಡಿದಳು. “ಆಪಾ, ಅಧಿಕಾರಿ ಹೆಸರು ಕೂಗಿದರು. ನೀವು ಬರೆದ ಹೆಸರು. ನನ್ನನ್ನೇ ಕರೆಯುತ್ತಿದ್ದಾರೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು.”

ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಈಗ ಶಾಲೆಯಲ್ಲಿ ಹೆಸರು ಸೇರಿಸಲು ಬಂದವರಲ್ಲಿ ತಾಯಿಯನ್ನೇ ಮೊದಲು ಒಳಗೆ ಕರೆದು ಕೂರಿಸುತ್ತೇನೆ. ಆಕೆ ಹೇಳಿದ್ದನ್ನು ಬರೆದು, ಓದಿ ಕೇಳಿಸಿ, ಆಕೆ ಹೂಂ ಎಂದ ಮೇಲೆಯೇ ಪುಟ ತಿರುಗಿಸುತ್ತೇನೆ. ಅಲ್ಲಾಹನು ನನ್ನ ತಪ್ಪನ್ನು ಮನ್ನಿಸಲಿ, ಆಮೀನ್.