ಗದ್ದೆಬಯಲಿನಲ್ಲಿ ಕರ್ಣನ ಪಟ

2018ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ನಾವು ಉಡುಪಿಯಿಂದ ಉತ್ತರಾಭಿಮುಖವಾಗಿ ಹೊರಟು, ಬ್ರಹ್ಮಾವರದಲ್ಲಿ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗಿ, ಬಾರ್ಕೂರಿಗೆ ಸಮೀಪದ ಒಂದು ಗದ್ದೆಬಯಲನ್ನು ಸೇರಿದೆವು. ಆಳುಪ ಅರಸರ ರಾಜಧಾನಿಯಾಗಿದ್ದ ಆ ಊರಿನ ಗುಡಿಗಳನ್ನೂ ಸೀತಾನದಿಯ ತೀರವನ್ನೂ ವರ್ಣಿಸುವುದಕ್ಕೆ ಬೇರೊಂದು ಲೇಖನವೇ ಬೇಕು. ಅಂದು ನಮ್ಮನ್ನು ಅಲ್ಲಿಗೆ ಎಳೆದೊಯ್ದುದು ಒಂದು ಹರಕೆಯಾಟ. ಅದಕ್ಕಿಂತಲೂ ಹೆಚ್ಚಾಗಿ, ಯಕ್ಷಗಾನದ ಒಬ್ಬ ವೃದ್ಧ ವೇಷಧಾರಿಗೆ ನಾವು ಕೊಟ್ಟಿದ್ದ ಮಾತು.

ಆ ವರ್ಷದ ತಿರುಗಾಟ ಮುಗಿದೊಡನೆ ಅವರು ಗೆಜ್ಜೆ ಬಿಚ್ಚುವವರಿದ್ದರು. ಮನೆಯಲ್ಲಿ ಪಟಗಳು ಹತ್ತಾರು ಇದ್ದುವು. ಒಂದೂ ಅವರ ಮನಸ್ಸಿಗೆ ಬಂದಿರಲಿಲ್ಲ. “ಮುಂಡಾಸು ನನ್ನದೇ, ಮುಖ ಮಾತ್ರ ನನ್ನದಲ್ಲ ಮಾರಾಯ್ರೇ” ಎಂದಿದ್ದರು. ಮಾತು ನಿಜ. ಒಂದರಲ್ಲಿ ಕರ್ಣನು ಹಸುರಾಗಿದ್ದನು. ಮತ್ತೊಂದರಲ್ಲಿ ಅರ್ಧಮುಖ ನೀಲಿ, ಅರ್ಧಮುಖ ಕಿತ್ತಳೆ. ಚೌಕಿಯಲ್ಲಿ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಕುಳಿತು, ಕೈಗನ್ನಡಿ ಹಿಡಿದು, ತೆಂಗಿನೆಣ್ಣೆಯಲ್ಲಿ ಬಣ್ಣ ಕಲಸಿ, ತನ್ನ ಮುಖವನ್ನು ತಾನೇ ಬರೆದುಕೊಳ್ಳುವವನಿಗೆ ಇದು ಸಣ್ಣ ನೋವಲ್ಲ.

ದೋಷವು ಬೆಳಕಿನದು. ಬಲ್ಬಿನ ಬೆಳಕು ಕೆಲ್ವಿನ್ ಮಾನದಲ್ಲಿ ಸುಮಾರು 2800. ನಡುಹಗಲಿನದು ಸುಮಾರು 5500. ಇವುಗಳಲ್ಲಿ ಯಾವುದನ್ನು ಬಿಳಿಯೆಂದು ಗ್ರಹಿಸಬೇಕೆಂದು ಕ್ಯಾಮರಾಕ್ಕೆ ಒಮ್ಮೆಗೆ ಒಂದನ್ನೇ ಹೇಳಬಹುದು. ಎಣ್ಣೆಯ ದೀವಟಿಗೆಯೊಂದೇ ಉರಿಯುತ್ತಿದ್ದ ಕಾಲದಲ್ಲಿ ಈ ತೊಡಕಿರಲಿಲ್ಲ. ಆ ಕೆಂಪು ಹಳದಿಗಳು ಆ ಜ್ವಾಲೆಗೇ ಹೊಂದುವಂಥವು. ಈಗಿನ ರಂಗಸ್ಥಳದಲ್ಲಿಯಾದರೋ ಎದುರಿಗೆ ಬೆಳ್ಳನೆಯ ಎಲ್‌ಇಡಿ, ಪಕ್ಕದಲ್ಲಿ ಹಳೆಯ ಬಲ್ಬು, ಹಿಂದೆ ಹರಕೆಯವರ ಮನೆಯ ಬಣ್ಣದ ದೀಪಮಾಲೆ!

ರಾತ್ರಿಯೆಲ್ಲ ನಾವು ಸೋತೆವು. ಫ್ಲಾಶಿಗೆ ಕಿತ್ತಳೆ ಹಾಳೆ ಕಟ್ಟಿ ಬಲ್ಬಿನ ಬಣ್ಣಕ್ಕೆ ಸರಿಗೊಳಿಸಿದರೆ ಎಲ್‌ಇಡಿಯ ಬೆಳಕು ನೀಲಿಯಾಯಿತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದಾದುದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು. ಗಿರಕಿಯನ್ನು ಹಿಡಿಯಲು ಐನೂರನೆಯ ಒಂದು ಸೆಕೆಂಡಿಟ್ಟರೆ ಒಂದು ಪಟ ಉಜ್ಜ್ವಲ, ಮರುಪಟ ಮಂಕು. ನೂರನೆಯ ಒಂದಕ್ಕಿಳಿಸಿದರೆ ಬೆಳಕು ನಿಂತಿತು, ಕರ್ಣನ ಕೈಗಳೇ ಕದಡಿಹೋದವು. ಚೆಂಡೆಯ ಪೆಟ್ಟಿಗೆ ನಮ್ಮ ಎದೆ ಹಾರುತ್ತಿದ್ದುದರಿಂದ ಕೈಯೂ ಸ್ಥಿರವಾಗಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಕರ್ಣನು ಬಿದ್ದಾಗ ಮೂಡಲಲ್ಲಿ ಕಪ್ಪು ತೆಳುವಾಗುತ್ತಿದ್ದಿತು. ಮಂಗಳದ ಬಳಿಕ, ಮುಂಡಾಸು ಬಿಚ್ಚುವ ಮುನ್ನ, ಕಾಲು ಗಳಿಗೆ ನಿಲ್ಲಬೇಕೆಂದು ಬೇಡಿಕೊಂಡೆವು. ಇಡಿಯ ರಾತ್ರಿ ದಣಿದಿದ್ದರೂ ಅವರು ಕಟಾವಾದ ಗದ್ದೆಗೆ ಇಳಿದು ಬಂದರು. ಆರು ಗಂಟೆಗೆ ಹತ್ತು ನಿಮಿಷವಿದ್ದಿತು, ಸೂರ್ಯನಿನ್ನೂ ಹುಟ್ಟಿರಲಿಲ್ಲ. ದೀಪಗಳನ್ನೆಲ್ಲ ಆರಿಸಿಸಿದೆವು. ಮುಖದ ಬಣ್ಣವೇನೋ ಸರಿಯಾಯಿತು, ಆದರೆ ಭುಜಕೀರ್ತಿ ಎದೆಕಟ್ಟುಗಳು ಸತ್ತಂತೆ ಕಂಡವು. ಅವರೇ ಹೇಳಿದರು: “ಒಂದು ದೀಪವಾದರೂ ಇರಲಿ, ಸ್ವಾಮಿ. ದೀಪವಿಲ್ಲದೆ ವೇಷ ನಿಲ್ಲಬಾರದು.”

ಹೇಳಿದ್ದು ಶಾಸ್ತ್ರಕ್ಕೋ ಪಟಕ್ಕೋ ನಾವು ಕೇಳಲಿಲ್ಲ. ಚೌಕಿಯ ಒಂದು ಬಲ್ಬನ್ನು ತರಿಸಿ ಅವರ ಬೆನ್ನ ಹಿಂದೆ ಕೋಲಿಗೆ ಕಟ್ಟಿಸಿದೆವು. ಅದರ ಕಿರಣವೊಂದೂ ಮುಖಕ್ಕೆ ತಾಗದಂತೆ ಅವರನ್ನು ಪೂರ್ವಕ್ಕೆ ತಿರುಗಿಸಿ, ಕ್ಯಾಮರಾವನ್ನು ಹಗಲಿಗೆ ಹೊಂದಿಸಿದೆವು. ಹಿಂದಿನ ಹಳದಿಯು ಜರಿಯ ಅಂಚಿನಲ್ಲಿ ಮಾತ್ರ ಹೊತ್ತಿಕೊಂಡಿತು. ಮುಖದಲ್ಲಿ ಅವರು ಬರೆದ ಬಣ್ಣ ಬರೆದಂತೆಯೇ ನಿಂತಿತು. ನಾಲ್ಕು ಪಟಗಳಾಗುವಷ್ಟರಲ್ಲಿ ಬಿಸಿಲು ತೆಂಗಿನ ತಲೆ ದಾಟಿ ಬಂದು ಎಲ್ಲವನ್ನೂ ಬಿಳಿಚಿಸಿಬಿಟ್ಟಿತು.

ಕ್ಯಾಮರಾದ ಹಿಂಬದಿಯ ಗಾಜಿನಲ್ಲಿ ಅವರು ಬಹಳ ಹೊತ್ತು ನೋಡಿದರು. ಎಡಗೆನ್ನೆಯ ಮೇಲೆ ಬೆವರು ಹರಿದು ಬಣ್ಣ ಕೊಚ್ಚಿಹೋಗಿದ್ದ ಒಂದು ಗೆರೆಯನ್ನು ಬೆರಳಿಟ್ಟು ತೋರಿಸಿ, “ಇದು ಅರ್ಜುನನ ಬಾಣವಲ್ಲ, ಪ್ರಾಯದ್ದು” ಎಂದು ನಕ್ಕರು. ಬಳಿಕ ಚೌಕಿಗೆ ಹೋಗಿ, ಅಂಗೈಗೆ ಎಣ್ಣೆ ಸುರಿದುಕೊಂಡು ಮುಖ ಉಜ್ಜತೊಡಗಿದರು.