ಐದು ಬಾಕ್ಸ್ ಟೊಮೆಟೊ, ಒಂದು ಪ್ರೊಸೆಸರ್

ಎರಡು ತಿಂಗಳಿಂದ ನಮ್ಮ ಮನೇಲಿ ಒಂದೇ ಮಾತು: ತಮ್ಮನ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಹಾಕಿಸಬೇಕಾ, ಬೇಡ್ವಾ. ಅವನು ಅದರಲ್ಲಿ ಆಡೋದು ಗೇಮ್. ಹಾಗಾಗಿ ಅಪ್ಪನ ಪ್ರಕಾರ ಇದು ಚರ್ಚೆಗೇ ಬರಬಾರದ ವಿಷಯ. "ದೀನ್ತೋ ಕೂಡು ಒಸ್ತುಂದಾ?" ಅಂತ ಒಂದೇ ಪ್ರಶ್ನೆ. ಇದರಿಂದ ಅನ್ನ ಹುಟ್ಟುತ್ತಾ ಅಂತ. ಚಿಂತಾಮಣಿ ಕಡೆಯವರಿಗೆ ಅರ್ಥ ಹೇಳೋದೇ ಬೇಡ, ನಮ್ಮ ಅರ್ಧ ಜಗಳ ನಡೆಯೋದೇ ತೆಲುಗಲ್ಲಿ.

ದುಡ್ಡು ಅಪ್ಪನದಲ್ಲ. ಸೀಸನ್‌ನಲ್ಲಿ ಚಿಂತಾಮಣಿ ಮಾರ್ಕೆಟ್‌ನಲ್ಲಿ ರಾತ್ರಿ ಹೊತ್ತು ಟೊಮೆಟೊ ಬಾಕ್ಸ್ ಲೋಡ್ ಮಾಡಿ ತಮ್ಮ ಕೂಡಿಟ್ಟ 14,000 ರೂಪಾಯಿ. ಆದರೆ ತೋಟದಲ್ಲಿ ಡ್ರಿಪ್ ಪೈಪು ಅಲ್ಲಲ್ಲಿ ಒಡೆದು ನೀರು ಚಿಮ್ಮುತ್ತಿದೆ. ಒಂದೇ ಮನೆಯಲ್ಲಿ ಇರೋವಾಗ ಯಾರ ದುಡ್ಡು ಯಾರದು ಅಂತ ಗೆರೆ ಎಳೆಯೋದು ಕಷ್ಟ.

ಪ್ರೊಸೆಸರಿಗೆ ಹತ್ತು ಸಾವಿರದ ಆಸುಪಾಸು. ನಮ್ಮಲ್ಲಿ ಯಾವ ವಸ್ತುವಿನ ಬೆಲೆಯನ್ನೂ ಬಾಕ್ಸ್ ಲೆಕ್ಕದಲ್ಲಿ ನೋಡೋ ಅಭ್ಯಾಸ. 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತಲ್ಲ, ಆಗಿನ ಲೆಕ್ಕಕ್ಕೆ ಈ ಪ್ರೊಸೆಸರ್ ಅಂದ್ರೆ ಐದು ಬಾಕ್ಸ್. ಬಾಕ್ಸ್ 150ಕ್ಕೆ ಇಳಿದರೆ ಅದೇ ಪ್ರೊಸೆಸರಿಗೆ 67 ಬಾಕ್ಸ್ ಬೇಕು. ಅಪ್ಪನ ಕೋಪ ನನಗೆ ಅರ್ಥವಾಗುತ್ತೆ.

ತಮ್ಮನದೂ ಅರ್ಥವಾಗುತ್ತೆ. ಅವನ ಜೊತೆ ಡಿಪ್ಲೊಮಾ ಓದಿದ ನಾಲ್ಕು ಜನರಲ್ಲಿ ಇಬ್ಬರು ನರಸಾಪುರದ ಫ್ಯಾಕ್ಟರಿಯಲ್ಲಿದ್ದಾರೆ, ಇಬ್ಬರು ಬೆಂಗಳೂರಲ್ಲಿ. ಊರಲ್ಲಿ ಉಳಿದವನು ಇವನೊಬ್ಬ. ರಾತ್ರಿ ಹತ್ತರ ಮೇಲೆ ಹೆಡ್‌ಫೋನ್ ಹಾಕಿಕೊಂಡು ವ್ಯಾಲರೆಂಟ್ ಆಡ್ತಾ ಐದೂ ಜನ ಮಾತಾಡ್ತಾರೆ. ಯಾರಿಗೆ ಹೆಣ್ಣು ನೋಡಿದ್ರು, ಯಾವ ಸೂಪರ್‌ವೈಸರ್ ಬೈದ, ಎಲ್ಲ ಅಲ್ಲೇ. ಹಿಂದಿನವರಿಗೆ ಅರಳಿಕಟ್ಟೆ ಇತ್ತು. ಈಚೆಗೆ ಇವನ ಕಂಪ್ಯೂಟರ್ ಆಟದ ಮಧ್ಯೆ ಗಕ್ಕನೆ ನಿಲ್ಲೋಕೆ ಶುರುವಾಗಿ, ತಂಡ ಸೋಲುತ್ತಾ ಬಂತು. ಒಂದು ವಾರ ಅವರು ಇವನ ಜಾಗಕ್ಕೆ ಬೇರೆ ಯಾರನ್ನೋ ಸೇರಿಸಿಕೊಂಡರು. ಆ ವಾರ ಇವನು ಊಟಕ್ಕೆ ಕೂತಾಗಲೂ ಮಾತಾಡಲಿಲ್ಲ.

ಯೂಟ್ಯೂಬಿನಲ್ಲಿ ಹೇಳಿದ್ರು ಅಂತ ಬಿಡಿಭಾಗ ತರೋದು ನನಗೆ ಇಷ್ಟವಿಲ್ಲ. ಅವರು ಡಾಲರಲ್ಲಿ ಯೋಚನೆ ಮಾಡೋರು. ಮೊದಲು ರೋಗ ಯಾವುದು ಅಂತ ನೋಡೋಣ ಅಂದೆ. ತಮ್ಮನದು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಹಿಂದೆ ಜೋಡಿಸಿದ ಮಷೀನು: ರೈಜನ್ 3 2200ಜಿ ಪ್ರೊಸೆಸರ್, ಬಿ450 ಬೋರ್ಡ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್ ಬಿಚ್ಚಿದರೆ ರಾಗಿ ಕಣದ ಧೂಳೆಲ್ಲ ಫ್ಯಾನಿನಲ್ಲಿ ಗೂಡು ಕಟ್ಟಿತ್ತು. ಬ್ರಷ್ ಹಿಡಿದು ಕ್ಲೀನ್ ಮಾಡಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿದೆವು. ಬಿಸಿ ಇಳಿಯಿತು, ನಿಲ್ಲೋದು ಸ್ವಲ್ಪ ಕಮ್ಮಿಯಾಯಿತು, ಹೋಗಲಿಲ್ಲ. ಮೆಮೊರಿ ಕಡ್ಡಿ ಕಳೆದ ಬೇಸಿಗೆಯಲ್ಲೇ ಎರಡಾಗಿತ್ತು. ಅದು ಪುಣ್ಯ, ಆಮೇಲೆ ಎಐ ಕೇಂದ್ರಗಳಿಗೆ ಮೆಮೊರಿ ಹೋಗೋಕೆ ಶುರುವಾಗಿ ಬೆಲೆ ಯದ್ವಾತದ್ವಾ ಏರಿಬಿಟ್ಟಿದೆ.

ಆಮೇಲೆ ಆಟ ನಡೆಯುವಾಗಲೇ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದೆವು. ಪ್ರೊಸೆಸರ್ 100ರಲ್ಲಿ ಅಂಟಿಕೊಂಡಿದೆ, ಗ್ರಾಫಿಕ್ಸ್ ಕಾರ್ಡ್ 50ರ ಹತ್ತಿರ ಆರಾಮಾಗಿದೆ. ಚಿತ್ರದ ಗುಣಮಟ್ಟ ಪೂರ್ತಿ ಇಳಿಸಿದರೂ ವೇಗ ಏರಲಿಲ್ಲ. ಕಾರ್ಡೇ ಸುಸ್ತಾಗಿದ್ದರೆ ಏರಬೇಕಿತ್ತು. ಇದನ್ನ ಅಪ್ಪನಿಗೆ ಮಾರ್ಕೆಟ್ ಭಾಷೆಯಲ್ಲಿ ಹೇಳಿದೆ. ಪ್ರೊಸೆಸರ್ ಅಂದ್ರೆ ಹರಾಜು ಕೂಗೋನು, ಕಾರ್ಡ್ ಅಂದ್ರೆ ಹಮಾಲರು. ಕೂಗೋನು ನಿಧಾನ ಆದ್ರೆ ಹಮಾಲರು ಬೀಡಿ ಸೇದ್ತಾ ಕೂರ್ತಾರೆ, ಇನ್ನೂ ಹತ್ತು ಹಮಾಲರನ್ನ ಕರೆಸಿದರೂ ಲಾರಿ ತುಂಬಲ್ಲ. ಅಪ್ಪ ತಲೆ ಆಡಿಸಿದರು. ಒಪ್ಪಿಗೆ ಅಲ್ಲ ಅದು, ಅರ್ಥವಾಯಿತು ಅಂತಷ್ಟೇ.

ಈಗಿನ ಹೊಸ ತಲೆಮಾರಿನ ಎಎಂ5 ಪ್ರೊಸೆಸರ್ ತಂದರೆ ಬೋರ್ಡೂ ಹೊಸದು, ಮೆಮೊರಿಯೂ ಹೊಸದು. ಈ ಬೆಲೆಯಲ್ಲಿ ಅದರ ಮಾತೇ ಬೇಡ. ಆದರೆ ನಮ್ಮ ಹಳೇ ಎಎಂ4 ಬೋರ್ಡಿಗೇ 2022ರಲ್ಲಿ ಬಂದ ರೈಜನ್ 5 5600 ಕೂರುತ್ತೆ. ಹಳೇದರಲ್ಲಿ ನಾಲ್ಕು ಕೋರ್, ನಾಲ್ಕು ಥ್ರೆಡ್. ಇದರಲ್ಲಿ ಆರು ಕೋರ್, ಹನ್ನೆರಡು ಥ್ರೆಡ್. ಅದಕ್ಕಿಂತ ಮುಖ್ಯ, ಪ್ರೊಸೆಸರಿನ ಒಳಗೇ ಇರುವ ಎಲ್3 ಕ್ಯಾಶ್ 4 ಎಂಬಿಯಿಂದ 32 ಎಂಬಿಗೆ ಏರುತ್ತೆ. ಬೇಕಾದ್ದನ್ನ ಪ್ರತಿ ಸಲ ಕಣಜದಿಂದ ತರೋ ಬದಲು ಒಲೆ ಪಕ್ಕದ ಡಬ್ಬಿಯಿಂದ ತೆಗೆದ ಹಾಗೆ. ಗೇಮಿಗೆ ಇದರಿಂದ ತುಂಬ ಲಾಭ. ಇನ್ನೊಂದು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ 2200ಜಿ ಇಲ್ಲ, 5600 ಇದೆ.

ಕರೆಂಟ್ ಬಿಲ್ ಅಮ್ಮನ ಚಿಂತೆ. ಗೃಹಜ್ಯೋತಿಯಲ್ಲಿ ನಮಗೆ ಉಚಿತ ಸಿಗೋದು 2022-23ರ ಸರಾಸರಿಗೆ ಶೇ. 10 ಸೇರಿಸಿದಷ್ಟು. ಅದನ್ನ ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. 250 ವ್ಯಾಟ್ ಎಳೆಯೋ ಕಂಪ್ಯೂಟರ್ ನಾಲ್ಕು ಗಂಟೆ ಓಡಿದರೆ ಒಂದು ಯೂನಿಟ್, ತಿಂಗಳಿಗೆ 30. ಆದರೆ ಎರಡೂ ಪ್ರೊಸೆಸರ್ 65 ವ್ಯಾಟಿನ ದರ್ಜೆಯವು. ಬಿಲ್ಲು ಏರಿಸೋದು ಆಡೋ ಗಂಟೆಗಳು. ಅದನ್ನ ಅಮ್ಮ ಅವನ ಜೊತೆ ಬೇರೆಯಾಗಿ ಮಾತಾಡಿಕೊಂಡರು.

ನನಗೆ ಭಯ ಇದ್ದಿದ್ದು ಬಯೋಸ್ ಅಪ್‌ಡೇಟಿನದು. ಹಳೇ ಬಿ450 ಬೋರ್ಡ್ ಹೊಸ ಪ್ರೊಸೆಸರನ್ನ ಗುರುತು ಹಿಡಿಯಬೇಕಾದರೆ, ಹಳೇದು ಇರುವಾಗಲೇ ಬಯೋಸ್ ಬದಲಿಸಬೇಕು. ಆ ಕೆಲವು ನಿಮಿಷದಲ್ಲಿ ಕರೆಂಟ್ ಹೋದರೆ ಬೋರ್ಡೇ ಸತ್ತು ಹೋಗಬಹುದು. ನಮ್ಮದು ತೋಟದ ಮನೆ. ಮೂರು ಫೇಸ್ ಬಂತು ಅಂದ್ರೆ ಸುತ್ತಲಿನ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಎದ್ದು ಬಲ್ಬು ಮಿಣುಕುತ್ತೆ. ಬೋರ್ಡ್ ಹೋದರೆ ಹದಿನಾಲ್ಕು ಸಾವಿರವೂ ಸಾಲದು. ಹಾಗಾಗಿ ಕ್ಯಾಬಿನೆಟನ್ನ ಗೋಣಿಚೀಲದಲ್ಲಿ ಸುತ್ತಿ, ಸ್ಕೂಟರಿನಲ್ಲಿ ಚಿಂತಾಮಣಿಗೆ ತಗೊಂಡು ಹೋಗಿ, ಯುಪಿಎಸ್ ಇರೋ ಅಂಗಡಿಯಲ್ಲಿ 300 ರೂಪಾಯಿಗೆ ಮಾಡಿಸಿದೆವು. ನಿಮ್ಮೂರಲ್ಲೂ ಇದನ್ನ ಮನೆಯಲ್ಲಿ ಮಾಡೋ ಧೈರ್ಯ ಬೇಡ.

ಸೆಕೆಂಡ್ ಹ್ಯಾಂಡ್ ತಗೊಳ್ಳೋಣ ಅಂತ ತಮ್ಮ ಹೇಳಿದ್ದ. ಎಎಂ4 ಪ್ರೊಸೆಸರಿನ ಅಡಿಯಲ್ಲಿ 1,331 ಪಿನ್ ಇರುತ್ತೆ, ಕೂದಲಿನಷ್ಟು ತೆಳು. ಹಳೇದನ್ನ ಕೀಳುವಾಗ ಪೇಸ್ಟ್ ಒಣಗಿದ್ದರೆ ಕೂಲರಿಗೆ ಅಂಟಿಕೊಂಡೇ ಎದ್ದು ಬರುತ್ತೆ, ಪಿನ್ ಬಾಗುತ್ತೆ. ಅಂಥದ್ದು ಕೈಗೆ ಬಂದರೆ ಕೇಳೋರು ಯಾರು? ಹೊಸ ಡಬ್ಬಿಗೆ ಮೂರು ವರ್ಷ ವಾರಂಟಿ ಇದೆ, ಕೂಲರೂ ಒಳಗೇ ಬರುತ್ತೆ. ಹೊಸದನ್ನೇ ತರೋದು ಅಂತಾಯಿತು.

ಭಾನುವಾರ ಎಸ್.ಪಿ. ರೋಡ್‌ನಲ್ಲಿ ಬಹಳ ಅಂಗಡಿ ಮುಚ್ಚಿರುತ್ತೆ ಅಂತ ಶನಿವಾರ ಬೆಳಿಗ್ಗೆ ಬಸ್ ಹತ್ತಿದೆವು. 9,800ಕ್ಕೆ ಸಿಕ್ಕಿತು. ಮನೆಗೆ ಬಂದು, ಹಳೇ ಮಷೀನನ್ನ ಅರ್ಧ ಗಂಟೆ ಓಡಿಸಿ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನ ಮೆಲ್ಲಗೆ ತಿರುಚಿ ತೆಗೆದೆವು. ಪಿನ್ ಒಂದೂ ಬಾಗಲಿಲ್ಲ. ಈಗ ಆಟ ನಿಲ್ಲೋದಿಲ್ಲ, ಕಾರ್ಡಿನ ಹಮಾಲರಿಗೆ ಬೀಡಿ ಸೇದೋಕೂ ಪುರುಸೊತ್ತಿಲ್ಲ.

ಬಸ್ ಚಾರ್ಜು, ಊಟ ಕಳೆದು 3,500 ಉಳಿದಿತ್ತು. ಹಳೇ 2200ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇರೋದರಿಂದ ಬೇರೆ ಕಾರ್ಡ್ ಬೇಕಾಗಲ್ಲ, ಆಫೀಸ್ ಕೆಲಸಕ್ಕೆ ಧಾರಾಳ. ಟೌನಿನ ಒಂದು ಡಿಟಿಪಿ ಅಂಗಡಿಯವರು 2,000ಕ್ಕೆ ತಗೊಂಡರು. ಎರಡೂ ಸೇರಿ 5,500 ಅಪ್ಪನ ಕೈಗೆ ಹೋಯಿತು. ಅವರು ಎಣಿಸಿ ಜೇಬಿಗೆ ಹಾಕಿಕೊಂಡು, ಸೋಮವಾರ ಡ್ರಿಪ್ ಪೈಪ್ ತರೋಕೆ ಸ್ಕೂಟರ್ ಬೇಕು, ಪೆಟ್ರೋಲ್ ಇದೆಯಾ ಅಂತ ತಮ್ಮನನ್ನ ಕೇಳಿದರು.