ಮಧ್ಯಾಹ್ನದ ಮಾತ್ರೆ

ಕಾಯಿಲೆಗೆ ಮದ್ದು ಕಂಡುಹಿಡಿಯುವುದು ಒಂದು ವಿದ್ಯೆ. ಆ ಮದ್ದನ್ನು ಬೇಕಾದ ಜಾಗಕ್ಕೆ, ಬೇಕಾದ ಹೊತ್ತಿಗೆ, ಬೇಕಾದಷ್ಟು ಮುಟ್ಟಿಸುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಹೆಸರು, ಬಿರುದು, ಬಹುಮಾನಗಳುಂಟು. ಎರಡನೆಯದನ್ನು ಯಾರೂ ಅಷ್ಟಾಗಿ ಕೊಂಡಾಡುವುದಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ಈ ಎರಡನೆಯ ವಿದ್ಯೆಯ ಬೆಲೆ ತಿಳಿಸಿಕೊಟ್ಟವಳು ತಿ. ನರಸೀಪುರದ ಒಬ್ಬ ವಿದ್ಯಾರ್ಥಿನಿ. ಅವಳ ವಿಷಯಕ್ಕೆ ಬರುವ ಮುನ್ನ ನನ್ನ ಹುಟ್ಟೂರಿನ ಬಗ್ಗೆ ಎರಡು ಮಾತು ಹೇಳಬೇಕು.

ನಾನು ಹುಟ್ಟಿ ಬೆಳೆದದ್ದು ನಂಜನಗೂಡಿನಲ್ಲಿ. ನಮ್ಮೂರ ದೇವರೇ ನಂಜನ್ನು ಉಂಡವನು. ಹಾಲಾಹಲ ಕೆಳಗಿಳಿದು ಹೊಟ್ಟೆ ಸೇರಲಿಲ್ಲ, ಹೊರಗೂ ಬರಲಿಲ್ಲ, ಕಂಠದಲ್ಲೇ ನಿಂತಿತು. ಪದಾರ್ಥ ಯಾವುದು ಎನ್ನುವಷ್ಟೇ ಮುಖ್ಯ, ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎನ್ನುವುದು ಎಂದು ತರಗತಿಯಲ್ಲಿ ಈ ಕಥೆ ಹೇಳಿ ನಗಿಸುತ್ತಿದ್ದೆ. ಆನೆಯ ಕಣ್ಣು ವಾಸಿಯಾದದ್ದಕ್ಕೆ ಟಿಪ್ಪು ಸುಲ್ತಾನ್ ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಐತಿಹ್ಯ ನಮ್ಮಲ್ಲಿ ಮಕ್ಕಳಿಗೂ ಗೊತ್ತು. 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯಿಂದ ನಂಜನಗೂಡಿನ ಹೆಸರು ಊರೂರು ಮುಟ್ಟಿತು. ಹೀಗಾಗಿ ಮದ್ದಿನ ಮಾತು ನಮಗೆ ಹೊಸದಲ್ಲ.

ನಮ್ಮ ಅಜ್ಜಿ ಪುಡಿ ಕೊಡುವಾಗ ಮೊದಲು ಕೇಳುತ್ತಿದ್ದದ್ದು ‘ಅನುಪಾನ ಏನು?’ ಎಂದು. ಒಂದು ಪುಡಿಗೆ ಜೇನುತುಪ್ಪ, ಇನ್ನೊಂದಕ್ಕೆ ತುಪ್ಪ, ಮತ್ತೊಂದಕ್ಕೆ ಬಿಸಿನೀರು. ಜೇನನ್ನು ಆಯುರ್ವೇದ ‘ಯೋಗವಾಹಿ’ ಎನ್ನುತ್ತದೆ. ತನ್ನೊಡನೆ ಸೇರಿದ್ದರ ಗುಣವನ್ನು ಹೊತ್ತು ನಡೆಯುವುದು ಎಂದರ್ಥ. ಸರ್ಕಾರಿ ಆಸ್ಪತ್ರೆಗೆ ಹೋದರೆ ಕಾಂಪೌಂಡರ್ ಮಿಕ್ಸ್ಚರ್ ಸೀಸೆಯ ಮೈಮೇಲೆ ಕಾಗದದ ಪಟ್ಟಿ ಅಂಟಿಸಿ, ಅದರ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿ ಕೊಡುತ್ತಿದ್ದ. ಒಂದು ಹಲ್ಲಿನಷ್ಟು ಇಳಿದರೆ ಒಂದು ಹೊತ್ತಿನ ಔಷಧ. ಅಕ್ಷರ ಬಾರದವರಿಗೂ ಅದು ಅರ್ಥವಾಗುತ್ತಿತ್ತು. ಔಷಧದ ಜೊತೆಗೆ ಅದನ್ನು ಕುಡಿಯುವ ಕ್ರಮವೂ ಅದೇ ಸೀಸೆಯಲ್ಲಿ ಮನೆಗೆ ಬರುತ್ತಿತ್ತು.

ಆಮೇಲೆ ನಂಜನಗೂಡಿಗೆ ಕೈಗಾರಿಕಾ ಪ್ರದೇಶ ಬಂತು. ಇಂದು ಅಲ್ಲಿ ಜುಬಿಲೆಂಟ್ ಕಂಪನಿಯ ಕಾರ್ಖಾನೆಯಿದೆ. ಔಷಧದ ಕಾರ್ಖಾನೆ ಎಂದೊಡನೆ ಮಾತ್ರೆಗಳು ಮಳೆಯಂತೆ ಸುರಿಯುವುದನ್ನು ಮಕ್ಕಳು ಊಹಿಸಿಕೊಳ್ಳುತ್ತಾರೆ. ಇಲ್ಲಿ ಆಗುವುದು ಮಾತ್ರೆಯಲ್ಲ, ಔಷಧದ ಮೂಲವಸ್ತು. ಅಂದರೆ ಪುಡಿ. ಆ ಕಂಪನಿ ಹೆಸರು ಮಾಡಿರುವ ಮೂಲವಸ್ತುಗಳಲ್ಲಿ ಕಾರ್ಬಮಜೆಪಿನ್ ಒಂದು. ಮೂರ್ಛೆರೋಗಕ್ಕೆ, ಅಂದರೆ ನಾವು ಫಿಟ್ಸ್ ಎನ್ನುವ ಅಪಸ್ಮಾರಕ್ಕೆ ಕೊಡುವ ಹಳೆಯ, ನಂಬಿಕೆಯ ಔಷಧ ಅದು. 1953ರಲ್ಲಿ ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿಯ ವಾಲ್ಟರ್ ಶಿಂಡ್ಲರ್ ಅದನ್ನು ಮೊದಲು ತಯಾರಿಸಿದರು. ಆದರೆ ಚೀಲದಲ್ಲಿರುವ ಪುಡಿ ಮಗುವಿನ ಮಿದುಳಿಗೆ ತಾನಾಗಿಯೇ ನಡೆದು ಹೋಗುವುದಿಲ್ಲ. ಪುಡಿಗೂ ಮಗುವಿಗೂ ನಡುವೆ ಇರುವ ಆ ದಾರಿಯೇ ಈ ಲೇಖನದ ವಿಷಯ.

ಕಪಿಲೆ ನಮ್ಮೂರಿನಿಂದ ಹರಿದು ಹೋಗಿ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ನನ್ನ ನೌಕರಿಯ ಬಹುಪಾಲು ಕಳೆದದ್ದೂ ಅಲ್ಲೇ, ತಿ. ನರಸೀಪುರದಲ್ಲಿ. ಸುಮಾರು ಹತ್ತು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಒಬ್ಬಳು ಹುಡುಗಿ ಬಂದಳು. ಗದ್ದೆ ಮಾಡುವ ಮನೆಯವಳು, ಲೆಕ್ಕದಲ್ಲಿ ಚುರುಕು. ಅವಳಿಗೆ ಫಿಟ್ಸ್ ಇತ್ತು. ದಿನಕ್ಕೆ ಮೂರು ಸಲ ಕಾರ್ಬಮಜೆಪಿನ್ ಮಾತ್ರೆ. ಬೆಳಗಿನದು, ರಾತ್ರಿಯದು ಮನೆಯಲ್ಲಿ. ಮಧ್ಯಾಹ್ನದ್ದು ಮಾತ್ರ ಕಂಪಾಸ್ ಬಾಕ್ಸಿನೊಳಗೆ, ರಬ್ಬರಿನ ಕೆಳಗೆ ಅಡಗಿರುತ್ತಿತ್ತು. ಬಿಸಿಯೂಟದ ಹೊತ್ತಿಗೆ ನಲ್ಲಿಯ ಹತ್ತಿರ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ನುಂಗಬೇಕು. ಗೆಳತಿಯರಲ್ಲಿ ಒಬ್ಬಳು ‘ಅದೇನೇ ಅದು, ದಿನಾ ತಿಂತೀಯ?’ ಎಂದು ಕೇಳಿದ ದಿನದಿಂದ ಅವಳು ನುಂಗುವುದನ್ನೇ ಬಿಟ್ಟಳು. ಮಾತ್ರೆಗಳು ಚರಂಡಿ ಸೇರಿದವು. ಎರಡು ವಾರ ಕಳೆಯುವುದರೊಳಗೆ ಸಮಾಜ ಪಾಠದ ನಡುವೆ ಬೆಂಚಿನಿಂದ ಬಿದ್ದಳು. ಯಾರೋ ಕೈಗೆ ಬೀಗದ ಕೈ ತುರುಕಿದರು, ಯಾರೋ ಈರುಳ್ಳಿ ತರಲು ಓಡಿದರು. ಎಚ್ಚರವಾದಾಗ ಇಡೀ ಶಾಲೆ ತನ್ನನ್ನು ನೋಡುತ್ತಿರುವುದನ್ನು ಅವಳು ನೋಡಿದಳು. ಯಾವುದನ್ನು ಮುಚ್ಚಿಡಲು ಮಾತ್ರೆ ಎಸೆದಳೋ ಅದೇ ಬಯಲಾಗಿತ್ತು.

ಮೂರು ಸಲ ಏಕೆ ಬೇಕು ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಮಾತ್ರೆ ನುಂಗಿದ ಮೇಲೆ ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ, ಮತ್ತೆ ಇಳಿಯುತ್ತದೆ. ತೀರ ಏರಿದರೆ ತಲೆಸುತ್ತು, ತೂಕಡಿಕೆ. ತೀರ ಇಳಿದರೆ ಫಿಟ್ಸ್. ಈ ಎರಡು ಗೆರೆಗಳ ನಡುವೆ ಅದನ್ನು ಹಿಡಿದಿಡಬೇಕು. ಮಕ್ಕಳ ದೇಹ ಕಾರ್ಬಮಜೆಪಿನ್ನನ್ನು ದೊಡ್ಡವರಿಗಿಂತ ಬೇಗ ಕರಗಿಸಿ ಹೊರಹಾಕುವುದರಿಂದ ಮತ್ತೆ ಮತ್ತೆ ತುಂಬಬೇಕಾಗುತ್ತದೆ. ಅವಳ ತಂದೆಗೆ ನಾನಿದನ್ನು ಹೇಳಿದ್ದು ಗದ್ದೆಯ ಮಾತಿನಲ್ಲಿ. ನಾಲೆಯ ನೀರು ಒಮ್ಮೆಲೇ ನುಗ್ಗಿದರೆ ಬದು ಒಡೆಯುತ್ತದೆ, ನಿಂತುಹೋದರೆ ಪೈರು ಸುರುಟುತ್ತದೆ. ಅದಕ್ಕೇ ತೂಬು. ಮಾಧವಮಂತ್ರಿ ಅಣೆಕಟ್ಟೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಾತ್ರೆಯೊಳಗೇ ತೂಬು ಇಡಬಹುದೆಂಬುದು ಕಳೆದ ಶತಮಾನದ ದೊಡ್ಡ ಉಪಾಯ. 1952ರಲ್ಲಿ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ ‘ಸ್ಪ್ಯಾನ್ಸ್ಯೂಲ್’ ಎಂಬ ಕ್ಯಾಪ್ಸೂಲ್ ತಂದಿತು. ಒಳಗೆ ನೂರಾರು ಪುಟ್ಟ ಮಣಿಗಳು, ಕೆಲವಕ್ಕೆ ತೆಳು ಲೇಪ, ಕೆಲವಕ್ಕೆ ದಪ್ಪ ಲೇಪ. ಒಂದಾದ ಮೇಲೊಂದು ಕರಗುತ್ತಾ ಗಂಟೆಗಟ್ಟಲೆ ಔಷಧ ಬಿಡುತ್ತವೆ. ಇನ್ನೊಂದು ಬಗೆಯ ಮಾತ್ರೆ ಹೊಟ್ಟೆಯ ನೀರು ಹೀರಿ ಲೋಳೆಯಂತೆ ಉಬ್ಬುತ್ತದೆ. ಔಷಧ ಆ ಲೋಳೆಯ ಮೂಲಕ ನಿಧಾನವಾಗಿ ಹೊರಬರಬೇಕು. ಮೂರನೆಯದು ಇನ್ನೂ ಸೊಗಸು. ಮಾತ್ರೆಯ ಸುತ್ತ ನೀರನ್ನು ಮಾತ್ರ ಒಳಬಿಡುವ ಗಟ್ಟಿ ಪೊರೆ, ಅದರಲ್ಲಿ ಲೇಸರಿನಿಂದ ಕೊರೆದ ಸೂಜಿಮೊನೆಯಷ್ಟು ರಂಧ್ರ. ಒಳಗೆ ಬಂದ ನೀರು ಔಷಧವನ್ನು ಆ ರಂಧ್ರದಿಂದ ಒಂದೇ ವೇಗದಲ್ಲಿ ತಳ್ಳುತ್ತದೆ. ಪಾಠದಲ್ಲಿ ಓದುವ ಪರಾಸರಣ ಇಲ್ಲಿ ಕೂಲಿ ಮಾಡುತ್ತದೆ! ಈ ಬಗೆಯ ನಿಫೆಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆ 1989ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಔಷಧವೆಲ್ಲ ಹೋದ ಮೇಲೂ ಇದರ ಖಾಲಿ ಚಿಪ್ಪು ಕರಗದೆ ಮಲದಲ್ಲಿ ಬರುವುದುಂಟು. ಅದನ್ನು ನೋಡಿ ‘ಮಾತ್ರೆ ಹಾಗೇ ಬಂತು’ ಎಂದು ಹೆದರಬೇಕಿಲ್ಲ.

ವೈದ್ಯರು ನಮ್ಮ ಹುಡುಗಿಗೆ ನಿಧಾನವಾಗಿ ಔಷಧ ಬಿಡುವ ಕಾರ್ಬಮಜೆಪಿನ್ ಬರೆದುಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಮಧ್ಯಾಹ್ನದ ಮಾತ್ರೆಯೇ ಇಲ್ಲ. ಒಂದು ಮಾತ್ರೆ ಕಡಿಮೆಯಾದದ್ದು ನೋಡಿದವರಿಗೆ ಸಣ್ಣ ವಿಷಯ. ಅವಳಿಗೆ ಅದು ಬಿಸಿಯೂಟದ ಸಾಲಿನಲ್ಲಿ ತಲೆಯೆತ್ತಿ ನಿಲ್ಲುವ ವಿಷಯ.

ಆದರೆ ವಾರದೊಳಗೆ ಹೊಸ ತಾಪತ್ರಯ ಶುರುವಾಯಿತು. ಮೊದಲನೆಯ ಪೀರಿಯಡ್ಡಿನಲ್ಲೇ ಹುಡುಗಿ ತೂಕಡಿಸುತ್ತಿದ್ದಳು. ‘ಬೋರ್ಡಿನ ಮೇಲೆ ಒಂದು ಸಾಲು ಎರಡಾಗಿ ಕಾಣುತ್ತೆ ಸಾರ್’ ಎಂದಳು. ಸಂಜೆಯ ಹೊತ್ತಿಗೆ ಕೈ ಅದುರುತ್ತಿತ್ತು, ಒಮ್ಮೆ ಮನೆಯಲ್ಲಿ ಬಿದ್ದಳು ಕೂಡ. ಹೊಸ ಮಾತ್ರೆ ಹಿಡಿಸಲಿಲ್ಲವೆಂದು ಮನೆಯವರು ನಿಲ್ಲಿಸುವುದರಲ್ಲಿದ್ದರು. ಆ ಸಂಜೆ ಅವರ ಮನೆಗೆ ಹೋದೆ. ಮಾತ್ರೆ ಹೇಗೆ ಕೊಡುತ್ತೀರಿ ಎಂದು ಕೇಳಿದಾಗ ಅವಳ ತಾಯಿ ಹೇಳಿದರು: ‘ಮಾತ್ರೆ ದಪ್ಪ ಅದೆ ಮೇಷ್ಟ್ರೇ, ಮಗೀಗೆ ಗಂಟ್ಲಲ್ಲಿ ಇಳಿಯಾಕಿಲ್ಲ. ಕುಟ್ಟಾಣೀಲಿ ಜಜ್ಜಿ ಬೆಲ್ಲದ ಜತೆ ಕೊಡ್ತೀನಿ.’

ಪ್ರೀತಿಯಿಂದ ಮಾಡಿದ ಕೆಲಸ. ಬೆಲ್ಲ ಆ ತಾಯಿಯ ಅನುಪಾನ. ಆದರೆ ಕುಟ್ಟಾಣಿಗೆ ಹಾಕಿದ ಕ್ಷಣದಲ್ಲಿ ಮಾತ್ರೆಯೊಳಗಿನ ತೂಬು ಒಡೆದಿತ್ತು. ಹನ್ನೆರಡು ಗಂಟೆ ಹರಿಯಬೇಕಾದದ್ದು ಬೆಳಿಗ್ಗೆಯೇ ನುಗ್ಗಿತು. ಅದಕ್ಕೇ ಒಂದು ಸಾಲು ಎರಡಾಯಿತು. ಸಂಜೆಗೆ ನಾಲೆ ಬತ್ತಿತು, ಅದಕ್ಕೇ ಫಿಟ್ಸ್. ಆಕೆಯಲ್ಲಿ ಯಾವ ತಪ್ಪೂ ಇರಲಿಲ್ಲ. ಜಜ್ಜಬಾರದೆಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಮಾತ್ರೆಯ ಹಾಳೆಯ ಮೇಲೆ ಬರೆದಿದ್ದದ್ದು ಇಂಗ್ಲಿಷಿನಲ್ಲಿ, ಅದೂ ಇರುವೆ ಕಾಲಿನಂಥ ಅಕ್ಷರದಲ್ಲಿ. ಹಲವು ದಶಕಗಳ ಜಾಣತನವೆಲ್ಲ ಆ ಮನೆಯ ಹೊಸ್ತಿಲ ತನಕ ಬಂದು, ಕೊನೆಯ ಗೇಣು ದಾಟಲಾರದೆ ನಿಂತಿತ್ತು. ಕಾಂಪೌಂಡರನ ಹಲ್ಲುಹಲ್ಲಿನ ಕಾಗದ ನನಗೆ ಅಂದು ನೆನಪಾಯಿತು.

ಮರುದಿನ ವೈದ್ಯರ ಬಳಿ ಹೋಗಿ ವಿಷಯ ತಿಳಿಸಿದೆವು. ಅವರು ಮಾತ್ರೆಯ ನಡುವಿನ ಗೀಟು ತೋರಿಸಿ, ಬೇಕಾದರೆ ಇಲ್ಲಿ ಎರಡಾಗಿ ಮುರಿದು ನುಂಗಬಹುದು, ಆದರೆ ಅಗಿಯುವುದಾಗಲಿ ಜಜ್ಜುವುದಾಗಲಿ ಕೂಡದು ಎಂದರು. ಎಲ್ಲ ಮಾತ್ರೆಗಳನ್ನೂ ಹೀಗೆ ಮುರಿಯುವಂತಿಲ್ಲ. ಗೀಟು ಇದ್ದರೂ ಕೇಳಿಯೇ ಮುರಿಯಬೇಕು ಎಂದೂ ಸೇರಿಸಿದರು.

ಸಮಯವೂ ಒಂದು ದಾರಿಯೇ ಎಂಬುದು ಅಂದು ಅವರಿಂದ ಕಲಿತ ಇನ್ನೊಂದು ಪಾಠ. ತಲೆಗೆ ಬಿಸಿನೀರು ಹೊಯ್ದುಕೊಳ್ಳುವಾಗ ಮಾತ್ರ ಬರುವ ಒಂದು ಬಗೆಯ ಅಪಸ್ಮಾರವಿದೆ. ಹಂಡೆ ಕಾಯಿಸಿ ಚೊಂಬುಚೊಂಬಾಗಿ ಸುಡುಸುಡು ನೀರು ಸುರಿದುಕೊಳ್ಳುವ ನಮ್ಮ ಸೀಮೆಯಲ್ಲಿ ಅದು ಹೆಚ್ಚು. ನೆರೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಅಪಸ್ಮಾರದ ಬಗ್ಗೆ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಅವರ ತಂಡ ಬಿಸಿನೀರಿನ ಅಪಸ್ಮಾರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಮೊದಲ ಚಿಕಿತ್ಸೆ ಉಗುರುಬೆಚ್ಚಗಿನ ನೀರು. ಅದು ಸಾಲದಿದ್ದರೆ ತಲೆಸ್ನಾನದ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಮ್ ಎಂಬ ಮಾತ್ರೆ. ತಲೆಗೆ ನೀರು ಬೀಳುವ ಹೊತ್ತಿಗೆ ಔಷಧ ಮಿದುಳಿನಲ್ಲಿ ಕಾವಲು ನಿಂತಿರುತ್ತದೆ. ದಿನವೂ ನುಂಗುವ ಗೋಜಿಲ್ಲದೆಯೇ ಹಲವರಿಗೆ ಇದರಿಂದ ಉಪಯೋಗವಾಗಿದೆ.

ಇನ್ನೊಂದು ದಾರಿ ಮೂಗು. ಫಿಟ್ಸ್ ಐದು ನಿಮಿಷ ದಾಟಿದರೆ ಅಪಾಯ. ಆಗ ಬಾಯಿಗೆ ಏನೂ ಹಾಕುವಂತಿಲ್ಲ. ನರಕ್ಕೆ ಸೂಜಿ ಚುಚ್ಚಲು ಆಸ್ಪತ್ರೆಯೇ ಆಗಬೇಕು. ಗುದದ್ವಾರದಿಂದ ಕೊಡುವ ಡಯಜಿಪಾಮ್ ಇದ್ದರೂ ತರಗತಿಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವವರು ಯಾರು? ಮೂಗಿನ ಒಳಪೊರೆ ತೆಳು, ಅದರ ಅಡಿಯಲ್ಲೇ ರಕ್ತನಾಳಗಳ ಬಲೆ. ಮಿಡಜೋಲಾಮ್ ಔಷಧವನ್ನು ಅಲ್ಲಿ ಸ್ಪ್ರೇ ಮಾಡಿದರೆ ಕೆಲವೇ ನಿಮಿಷದಲ್ಲಿ ಕೆಲಸ ಶುರು. ನಮ್ಮ ದೇಶದಲ್ಲಿ ಇದು ಮೊದಲೇ ಬಳಕೆಯಲ್ಲಿತ್ತು. ಅಮೆರಿಕ ಇಂಥ ಸ್ಪ್ರೇಗೆ ಒಪ್ಪಿಗೆ ಕೊಟ್ಟದ್ದು 2019ರಲ್ಲಿ. ಮಗುವಿನ ತೂಕ ನೋಡಿ ಎಷ್ಟು ಸಲ ಒತ್ತಬೇಕೆಂದು ವೈದ್ಯರು ಬರೆದುಕೊಟ್ಟರೆ, ತಂದೆ ತಾಯಿಯೂ ತರಬೇತಿ ಪಡೆದ ಮೇಷ್ಟರೂ ಕೊಡಬಹುದು. ಅಷ್ಟರಲ್ಲಿ ಮಾಡಬೇಕಾದದ್ದು ಇಷ್ಟೇ: ಗಡಿಯಾರ ನೋಡುವುದು, ಮಗುವನ್ನು ಮಗ್ಗುಲಿಗೆ ಮಲಗಿಸುವುದು, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡುವುದು, ಐದು ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡುವುದು. ಬೀಗದ ಕೈ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ.

ಇದನ್ನೆಲ್ಲ ಹೇಳುವ ಉದ್ದೇಶ ಒಂದೇ. ಔಷಧದ ದಾರಿ ಜಾಣವಾದಷ್ಟೂ ಮನೆಯವರಿಗೆ ಅದರ ಗುಟ್ಟು ತಿಳಿದಿರಬೇಕು. ಮಾತ್ರೆಯ ಹೆಸರಿನ ಕೊನೆಗೆ ಎಸ್‌ಆರ್, ಸಿಆರ್, ಇಆರ್, ಎಕ್ಸ್‌ಆರ್ ಎಂದಿದ್ದರೆ ಒಳಗೆ ತೂಬು ಇದೆಯೆಂದು ತಿಳಿಯಿರಿ. ಅಜ್ಜಿಯ ಸಕ್ಕರೆ ಕಾಯಿಲೆಯ ಮಾತ್ರೆಯೂ ಅಂಥದ್ದಿರಬಹುದು. ಗ್ಯಾಸ್ಟ್ರಿಕ್‌ಗೆಂದು ನುಂಗುವ ಪ್ಯಾಂಟೊಪ್ರಜೋಲ್ ಮಾತ್ರೆಯ ಮೇಲಿನ ಲೇಪ ಹೊಟ್ಟೆಯ ಆಮ್ಲದಿಂದ ಔಷಧವನ್ನು ಕಾಪಾಡಿ ಕರುಳಿಗೆ ದಾಟಿಸಲೆಂದೇ ಇರುವುದು. ಜಜ್ಜಿದರೆ ಅದು ವ್ಯರ್ಥ. ಅಂಗಡಿಯಲ್ಲಿ ಮಾತ್ರೆ ಕೊಳ್ಳುವಾಗ ನಾಚದೆ ಮೂರು ಪ್ರಶ್ನೆ ಕೇಳಿ: ಮುರಿಯಬಹುದೇ? ಊಟಕ್ಕೆ ಮೊದಲೋ ಆಮೇಲೋ? ಒಂದು ಹೊತ್ತು ಮರೆತರೆ ಏನು ಮಾಡಬೇಕು? ಫಿಟ್ಸ್ ಮಾತ್ರೆಯನ್ನಂತೂ ವೈದ್ಯರು ಹೇಳದೆ ಒಂದು ದಿನವೂ ನಿಲ್ಲಿಸಬೇಡಿ. ಫಾರ್ಮಸಿ ಓದಬೇಕೆಂದಿರುವ ವಿದ್ಯಾರ್ಥಿಗಳಿಗೂ ಒಂದು ಮಾತು: ಮೈಸೂರಿನ ಜೆಎಸ್‌ಎಸ್ ಕಾಲೇಜು 1973ರಿಂದ ಈ ವಿದ್ಯೆ ಕಲಿಸುತ್ತಿದೆ, ಕಲಿತದ್ದನ್ನು ಗಿರಾಕಿಗೆ ಕನ್ನಡದಲ್ಲಿ ಹೇಳುವುದೂ ಆ ವಿದ್ಯೆಯ ಭಾಗವೇ.

ಜಜ್ಜುವುದು ನಿಂತ ಮೇಲೆ ನಮ್ಮ ಹುಡುಗಿಯ ತೂಕಡಿಕೆಯೂ ನಿಂತಿತು. ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಅವಳು ಶಾಲೆಯಲ್ಲಿ ಮತ್ತೆ ಬೀಳಲಿಲ್ಲ. ಒಂದು ಭಾನುವಾರ ಅವರ ಮನೆಗೆ ಹೋದಾಗ ಗೂಡಿನಲ್ಲಿದ್ದ ಮಾತ್ರೆ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿತ್ತು. ‘ಜಜ್ಜಬಾರದು’ ಎಂದು ಅವಳದೇ ದುಂಡಕ್ಷರ. ಅವ್ವನಿಗೆ ಓದು ಬಾರದು. ಅದಕ್ಕೆ ಪಕ್ಕದಲ್ಲೊಂದು ಕುಟ್ಟಾಣಿಯ ಚಿತ್ರ ಬರೆದು, ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಎಳೆದಿದ್ದಳು.